ಗಲ್ಲಕ್ಕೆ ಕೈಕೊಟ್ಟು ಕುಳಿತ ದೇವರು

ನಮ್ಮ ಮನೆಯಲ್ಲಿ ಯಾರಾದರೂ ಗಲ್ಲಕ್ಕೆ ಕೈಕೊಟ್ಟು ಕುಳಿತರೆ ಅಜ್ಜಿಗೆ ಸರ್ವಥಾ ಸೇರದು. "ಏಳೋ, ಏನು ಮುಳುಗಿಹೋಯ್ತು ಅಂತ ಹಾಗೆ ಕೂತಿದೀಯ? ಮನೆಗೆ ಒಳ್ಳೇದಲ್ಲ" ಎಂದು ಗದರುತ್ತಾಳೆ. ಪರೀಕ್ಷೆಯ ಫಲಿತಾಂಶ ಬಂದ ದಿನಗಳಲ್ಲಿ ಈ ಗದರಿಕೆ ನನಗೆ ಹಲವು ಸಲ ಸಂದಿದೆ. ಹಾಗೆ ಕುಳಿತುಕೊಳ್ಳುವುದು ಚಿಂತೆಯ ಗುರುತು. ಚಿಂತೆಯನ್ನು ಮನೆಗೆ ಕರೆಯುವ ರೀತಿಯೂ ಹೌದೆಂದು ಅವಳ ನಂಬಿಕೆ. ಮನುಷ್ಯರಿಗೇ ಸಲ್ಲದ ಈ ಭಂಗಿಯಲ್ಲಿ ದೇವರನ್ನು ಕೂರಿಸಿ ಪೂಜಿಸುವ ಜನ ಇದ್ದಾರೆಂದು ಆಗ ನನಗೆ ತಿಳಿದಿರಲಿಲ್ಲ.

ಕಳೆದ ವರ್ಷ ನಮ್ಮ ಕಾಲೇಜಿನ ವಾಚನಾಲಯದಲ್ಲಿ ಯೂರೋಪಿನ ಜನಪದ ಕಲೆಗಳನ್ನು ಕುರಿತ ಸಚಿತ್ರ ಗ್ರಂಥವೊಂದನ್ನು ತಿರುವಿಹಾಕುತ್ತಿದ್ದೆ. ಒಂದು ಪುಟದಲ್ಲಿ ಮರದ ಸಣ್ಣ ಮೂರ್ತಿಯೊಂದರ ಚಿತ್ರವಿತ್ತು. ಕಂಬದ ತುದಿಯಲ್ಲಿ ಪುಟ್ಟ ಸೂರು. ಸೂರಿನ ಕೆಳಗೆ ಒಬ್ಬ ಬಡಕಲು ಮನುಷ್ಯ. ಮೊಣಕೈ ಮೊಣಕಾಲಿನ ಮೇಲೆ, ಅಂಗೈ ಗಲ್ಲದ ಮೇಲೆ. ತಲೆಗೆ ಏನನ್ನೋ ಸುತ್ತಿಕೊಂಡಿದ್ದಾನೆ. ಮಳೆಗೆ ಕಾದು ಕಾದು ಸೋತ ರೈತ ಬದುವಿನ ಮೇಲೆ ಕುಳಿತಿದ್ದಾನೆಂದೇ ನಾನು ಭಾವಿಸಿದೆ. ಕೆಳಗಿನ ಬರಹವನ್ನು ಓದಿದ ಮೇಲೆ ತಿಳಿಯಿತು, ತಲೆಗೆ ಸುತ್ತಿದ್ದು ರುಮಾಲಲ್ಲ, ಮುಳ್ಳಿನ ಕಿರೀಟ, ಕುಳಿತವನು ಯೇಸುಕ್ರಿಸ್ತ, ಊರು ಲಿಥುವೇನಿಯ.

ಪುಸ್ತಕವನ್ನು ಮನೆಗೆ ಒಯ್ದು ಅಜ್ಜನಿಗೆ ತೋರಿಸಿದೆ. ಅಜ್ಜ ಮರಗೆಲಸದವನು. ಬಾಗಿಲು, ಕಿಟಕಿ, ನೇಗಿಲು, ತೊಟ್ಟಿಲುಗಳನ್ನು ಮಾಡಿ ಬದುಕಿದವನು. ಎರಡು ಸಲ ಊರಿನ ತೇರಿನ ಗಾಲಿಗಳನ್ನು ಹೊಸದಾಗಿ ಕಟ್ಟಿದವನು. ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ ಅವನು ಎರಡೇ ಪ್ರಶ್ನೆ ಕೇಳಿದ. ಮೊದಲನೆಯದು, "ಯಾವ ಮರ?" ಎರಡನೆಯದು, "ಬಯಲಲ್ಲಿ ನಿಲ್ಲಿಸಿದಾರಲ್ಲ ಮಾರಾಯ, ಬುಡ ಕೊಳೆಯೋದಿಲ್ವಾ?" ದೇವರ ವಿಚಾರವಾಗಿ ಅವನು ಏನೂ ಕೇಳಲಿಲ್ಲ. ಆ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕಲು ಹೋಗಿ ಈ ಲೇಖನ ಬೆಳೆಯಿತು.

ಲಿಥುವೇನಿಯ ಬಾಲ್ಟಿಕ್ ಸಮುದ್ರದ ದಂಡೆಯ ಒಂದು ಪುಟ್ಟ ರಾಷ್ಟ್ರ. ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕದ ಮೂರನೆಯ ಒಂದು ಪಾಲು. ಜನಸಂಖ್ಯೆ ಮೂವತ್ತು ಲಕ್ಷವನ್ನು ಮುಟ್ಟದು. ಕಾಡು, ಕೆರೆ, ಹೊಲ, ಹಿಮ ಇಷ್ಟೇ ಅದರ ಭೂಗೋಳವೆಂದರೂ ಸಲ್ಲುತ್ತದೆ. ಯೂರೋಪಿನ ರಾಷ್ಟ್ರಗಳ ಪೈಕಿ ಕ್ರೈಸ್ತಮತವನ್ನು ಕಟ್ಟಕಡೆಗೆ ಸ್ವೀಕರಿಸಿದ್ದು ಇದೇ. ರಾಜ ಯೊಗೈಲ 1387ರಲ್ಲಿ ತನ್ನ ಪ್ರಜೆಗಳಿಗೆ ದೀಕ್ಷೆ ಕೊಡಿಸಿದನು. ಪಶ್ಚಿಮದ ಸಮೊಗಿಷಿಯ ಪ್ರಾಂತಕ್ಕೆ ಆ ಮತ ಬಂದದ್ದು 1413ರಿಂದೀಚೆಗೆ. ಅಲ್ಲಿಯವರೆಗೆ ಆ ಜನ ಸೂರ್ಯನಿಗೂ ಗುಡುಗಿಗೂ ಓಕ್ ಮರದ ತೋಪುಗಳಿಗೂ ನಡೆದುಕೊಳ್ಳುತ್ತಿದ್ದರು.

ಅವರ ಭಾಷೆಯ ಮಾತನ್ನು ಇಲ್ಲಿ ಹೇಳದೆ ಮುಂದಕ್ಕೆ ಹೋಗಲಾರೆ. ಇಂದಿಗೂ ಆಡುವ ಯೂರೋಪಿನ ಭಾಷೆಗಳಲ್ಲಿ ಸಂಸ್ಕೃತದ ನೆನಪನ್ನು ಬಲವಾಗಿ ತರುವ ಭಾಷೆ ಲಿಥುವೇನಿಯದ್ದೆಂದು ಭಾಷಾಶಾಸ್ತ್ರಜ್ಞರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಬೆಂಕಿಗೆ ಅವರು ಉಗ್ನಿಸ್ ಎನ್ನುತ್ತಾರೆ, ಹೊಗೆಗೆ ದೂಮಸ್, ಮಗನಿಗೆ ಸೂನುಸ್, ಕುರಿಗೆ ಅವಿಸ್. ಅಗ್ನಿ, ಧೂಮ, ಸೂನು, ಅವಿ ಎಂಬ ಮಾತುಗಳನ್ನು ಬಲ್ಲ ನಮಗೆ ಇವಕ್ಕೆ ನಿಘಂಟು ಬೇಕಾಗದು. ದೇವರಿಗೆ ಅವರ ಮಾತು ದಿಯೆವಸ್. ಕೆಲಸ ಮಾಡು ಎಂಬುದಕ್ಕೆ ದಿರ್ಬ್ತಿ. ಮರದಲ್ಲಿ ಸಂತರನ್ನೂ ಶಿಲುಬೆಗಳನ್ನೂ ಕೆತ್ತುವ ಹಳ್ಳಿಗನಿಗೆ ಅವರಿಟ್ಟ ಹೆಸರು ಈ ಎರಡೂ ಸೇರಿದ್ದು: ದಿಯೆವ್‌ದಿರ್ಬಿಸ್. ದೇವರನ್ನು ಮಾಡುವವನು ಎಂದರ್ಥ. ದೇವರು ನಮ್ಮನ್ನು ಮಾಡಿದನೆಂದು ಪಾದ್ರಿಗಳು ಭಾನುವಾರ ಬೋಧಿಸುತ್ತಿದ್ದ ಊರಿನಲ್ಲಿ, ಸೋಮವಾರ ಉಳಿ ಹಿಡಿದು ಕುಳಿತವನಿಗೆ ಜನ ಸಂಕೋಚವಿಲ್ಲದೆ ಇಟ್ಟ ಹೆಸರಿದು.

ಈ ದಿಯೆವ್‌ದಿರ್ಬಿಸ್ ಸಾಮಾನ್ಯವಾಗಿ ರೈತನೇ. ಕಲಾಶಾಲೆಯ ಮುಖ ಕಂಡವನಲ್ಲ. ನೆರೆಯೂರಿನ ಚರ್ಚಿನ ಪೀಠದಲ್ಲಿದ್ದ ಮೂರ್ತಿ, ಪ್ರಾರ್ಥನಾ ಪುಸ್ತಕದ ಒಂದು ಅಚ್ಚಿನ ಚಿತ್ರ, ಸಂತೆಯಲ್ಲಿ ಕೊಂಡ ಒಂದು ಪಟ ಇಷ್ಟೇ ಅವನ ಮಾದರಿಗಳು. ಕೊಡಲಿ, ಬಾಚಿ, ಉಳಿ, ಚೂರಿ ಅವನ ಸಲಕರಣೆಗಳು. ಹೊಲದ ಕೆಲಸವಿಲ್ಲದ ದೀರ್ಘವಾದ ಚಳಿಗಾಲ ಅವನ ಕಾಲ. ಚರ್ಚಿನೊಳಗಿನ ಮೂರ್ತಿಯನ್ನು ನಗರದ ಕಸುಬಿ ಅಳತೆ ಹಿಡಿದು ಮಾಡಿರುತ್ತಿದ್ದ. ಅದನ್ನು ನೋಡಿ ಬಂದು ಇವನು ಮಾಡುವಾಗ ತಲೆ ದೊಡ್ಡದಾಗುತ್ತಿತ್ತು, ಕಾಲು ಕುಳ್ಳಾಗುತ್ತಿತ್ತು, ಸಂತನ ಮುಖ ನೆರೆಮನೆಯವನ ಮುಖವಾಗುತ್ತಿತ್ತು. ಪಂಡಿತರು ಇದನ್ನು ಬಹುಕಾಲ ಒರಟುತನವೆಂದೇ ಎಣಿಸಿದ್ದರು. ತಲೆ ದೊಡ್ಡದಾದುದಕ್ಕೆ ನನ್ನ ಅಜ್ಜ ಹೇಳಿದ ಕಾರಣ ಬೇರೆ. ಕಂಬದ ಮೇಲಿನ ಮೂರ್ತಿಯನ್ನು ಕೆಳಗಿನಿಂದ, ದಾರಿಹೋಕನೊಬ್ಬ, ನಡೆಯುತ್ತ ನಡೆಯುತ್ತ ನೋಡಬೇಕು. ಮುಖ ಕಾಣದಿದ್ದರೆ ಆ ಮೂರ್ತಿಯಿಂದ ಅವನಿಗೇನು ಪ್ರಯೋಜನ?

ಮರದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಬಯಲಿನಲ್ಲಿ ನಿಲ್ಲುವ ಶಿಲುಬೆಗೂ ಕಂಬಕ್ಕೂ ಓಕ್. ಸೂರಿನ ಕೆಳಗೆ ಕೂರುವ ಸಣ್ಣ ಮೂರ್ತಿಗಳಿಗೆ ಬಹುಮಟ್ಟಿಗೆ ಲಿಂಡನ್. ಓಕ್ ಗಡಸು, ಮಳೆಗೂ ಹಿಮಕ್ಕೂ ಜಗ್ಗದ ಮರ. ಲಿಂಡನ್ ಮೃದು, ಚೂರಿ ಹೇಳಿದಂತೆ ಕೇಳುತ್ತದೆ, ಆದರೆ ನೆನೆದರೆ ಬಾಳದು. "ಹಾಗಾದರೆ ಸೂರು ಹಾಕಿದ್ದು ಚಂದಕ್ಕಲ್ಲ" ಎಂದ ಅಜ್ಜ. ನಿಜ. ಆದರೂ ಆ ಸೂರು ಚಂದವಾಗಿಯೇ ಇರುತ್ತದೆ. ಅಂಚಿಗೆ ಹಲ್ಲುಹಲ್ಲಾದ ಕೆತ್ತನೆ, ತುದಿಗೆ ಊರ ಕಮ್ಮಾರ ಬಡಿದು ಕೊಟ್ಟ ಕಬ್ಬಿಣದ ಸಣ್ಣ ಶಿಲುಬೆ, ಅದರ ಸುತ್ತ ಕಬ್ಬಿಣದ ಕಿರಣಗಳು. ಮೂರ್ತಿಗಳಿಗೆ ಎಣ್ಣೆಬಣ್ಣ ಹಚ್ಚುತ್ತಿದ್ದರು: ನೀಲಿ, ಕೆಂಪು, ಹಳದಿ, ಯಾವ ಹಿಂಜರಿಕೆಯೂ ಇಲ್ಲದೆ. ಹಬ್ಬದ ಮುಂಚೆ ಮನೆಯವರೇ ಮೇಲೊಂದು ಕೈ ಬಣ್ಣ ಬಳಿಯುವುದೂ ಉಂಟು. ಹೀಗೆ ಬಳಿದು ಬಳಿದು, ಕೆತ್ತಿದವನು ಗೀರಿದ್ದ ಹುಬ್ಬು ಕಣ್ಣುಗಳು ಬಣ್ಣದ ಪದರಗಳಲ್ಲಿ ಮುಚ್ಚಿಹೋದ ಮೂರ್ತಿಗಳಿವೆ.

ಇವು ನಿಲ್ಲುವ ರೀತಿಗಳು ಹಲವು. ಬರಿಯ ಶಿಲುಬೆ ಒಂದು. ಕಂಬದ ಮೇಲೆ ಒಂದು, ಎರಡು, ಮೂರು ಸೂರುಗಳನ್ನು ಒಂದರ ಮೇಲೊಂದು ಏರಿಸಿದ ಸ್ಟೋಗಸ್ಟುಲ್ಪಿಸ್ ಇನ್ನೊಂದು. ಕಂಬದ ತುದಿಗೆ ಪುಟ್ಟ ಗುಡಿಯನ್ನೇ ಕಟ್ಟಿದರೆ ಅದು ಕೊಪ್ಲಿಟ್‌ಸ್ಟುಲ್ಪಿಸ್. ಕಂಬವೂ ಬೇಡವೆಂದು ಬೆಳೆದುನಿಂತ ಮರಕ್ಕೇ ಗೂಡನ್ನು ತೂಗುಹಾಕಿ, ಅದರೊಳಗೆ ಮೂರ್ತಿಯನ್ನಿಡುವುದೂ ಇತ್ತು. ಎತ್ತರ ಒಂದು ಮೀಟರಿನಿಂದ ಐದು ಮೀಟರಿನವರೆಗೆ. ನಿಲ್ಲಿಸಿದ ಮೇಲೆ ಪಾದ್ರಿ ಬಂದು ಮಂತ್ರಿಸಬೇಕು. ಆ ಮೇಲೆ ಅದು ಊರಿನದು.

ಎಲ್ಲಿ ನಿಲ್ಲಿಸುತ್ತಿದ್ದರು? ಮನೆಯಂಗಳದಲ್ಲಿ, ದಾರಿ ಕೂಡುವಲ್ಲಿ, ಸ್ಮಶಾನದಲ್ಲಿ, ಯಾರಾದರೂ ಅಪಮೃತ್ಯುವಿಗೆ ಈಡಾದ ಸ್ಥಳದಲ್ಲಿ. ಏತಕ್ಕೆ? ಮಗು ಹುಟ್ಟಿದ್ದಕ್ಕೆ, ಮಗು ಉಳಿಯಲಿ ಎಂದು, ಕಾಯಿಲೆ ವಾಸಿಯಾದದ್ದಕ್ಕೆ, ಪೈರು ಚೆನ್ನಾಗಿ ಬರಲೆಂದು, ಸತ್ತವರ ನೆನಪಿಗೆ. ಹೆಂಗಸರು ಮದುವೆಯ ಹರಕೆಗೆ ಬಣ್ಣದ ವಸ್ತ್ರವನ್ನೂ ಸಂತಾನದ ಹರಕೆಗೆ ಸೊಂಟದ ಮೇಲುಡುಗೆಯನ್ನೂ ತಂದು ಶಿಲುಬೆಗೆ ಕಟ್ಟುವುದುಂಟು. ತಿನಿಸು, ಜಪಸರ, ಕಾಸುಗಳನ್ನು ಅರ್ಪಿಸುವುದೂ ಉಂಟು.

ಗುಡಿಯೊಳಗೆ ಕೂರುವ ಸಂತರನ್ನು ಹಳ್ಳಿಗರು ಕೆಲಸ ನೋಡಿ ಆರಿಸಿಕೊಂಡಿದ್ದರೆಂದು ತೋರುತ್ತದೆ. ಬೆಂಕಿಗೆ ಸಂತ ಫ್ಲೋರಿಯನ್. ಅವನು ರೋಮನ್ ಸೈನಿಕ. ಮತದ್ರೋಹದ ಆಪಾದನೆಯ ಮೇಲೆ ಅವನನ್ನು 304ರಲ್ಲಿ ನದಿಯಲ್ಲಿ ಮುಳುಗಿಸಿ ಕೊಂದರು. ಲಿಥುವೇನಿಯದ ಮರದ ಮನೆಗಳಿಗೂ ಹುಲ್ಲಿನ ಮಾಡುಗಳಿಗೂ ಬೆಂಕಿಯೇ ದೊಡ್ಡ ಶತ್ರು. ಆದ್ದರಿಂದ ಅವನ ಕೈಗೆ ಒಂದು ನೀರಿನ ಪಾತ್ರೆ ಕೊಟ್ಟು, ಕಾಲ ಬಳಿ ಉರಿಯುವ ಒಂದು ಮನೆಯನ್ನು ಕೆತ್ತುತ್ತಾರೆ. ಆ ಮನೆ ಅವನ ಮೊಣಕಾಲೆತ್ತರಕ್ಕೂ ಬಾರದು! ತಂಬಿಗೆ ನೀರಿನಲ್ಲಿ ಊರ ಬೆಂಕಿಯನ್ನು ಆರಿಸುವ ಧೈರ್ಯ ಅವನ ಮುಖದ ಮೇಲಿರುತ್ತದೆ. ನೀರಿಗೆ ಸಂತ ಜಾನ್ ನೆಪೊಮುಕ್. ಪ್ರಾಗ್ ನಗರದ ಈ ಪಾದ್ರಿಯನ್ನು ಅರಸ 1393ರಲ್ಲಿ ಸೇತುವೆಯ ಮೇಲಿಂದ ಹೊಳೆಗೆ ನೂಕಿಸಿದನು. ರಾಣಿಯ ಪಾಪನಿವೇದನೆಯ ಗುಟ್ಟನ್ನು ಬಿಟ್ಟುಕೊಡದಿದ್ದುದೇ ಕಾರಣವೆಂದು ಐತಿಹ್ಯ. ನೀರಿನಲ್ಲಿ ಸತ್ತವನಾದ್ದರಿಂದ ನೀರಿನ ಕಾವಲು ಅವನಿಗೆ. ಸೇತುವೆ, ಹೊಳೆದಂಡೆಗಳ ಬಳಿ ಅವನ ಗುಡಿ. ಕುದುರೆ ದನಗಳಿಗೆ ಸಂತ ಜಾರ್ಜ್. ಏಪ್ರಿಲ್ 23 ಅವನ ಹಬ್ಬ. ಬಿತ್ತನೆಗೆ ಸಂತ ಇಸಿದೋರ್. ಈತ ಸ್ಪೇನ್ ದೇಶದ ಒಬ್ಬ ಕೂಲಿರೈತ, 1622ರಲ್ಲಿ ಸಂತಪದವಿ ಪಡೆದವನು. ಅವನು ಪ್ರಾರ್ಥನೆಗೆ ಹೋದಾಗ ದೇವದೂತರು ಬಂದು ಅವನ ಪಾಲಿನ ಉಳುಮೆಯನ್ನು ಮಾಡುತ್ತಿದ್ದರೆಂದು ಸ್ಪೇನಿನವರ ಕಥೆ. ಲಿಥುವೇನಿಯದ ಕಸುಬಿಗೆ ಈ ದೇವದೂತರ ಉಳುಮೆಯಲ್ಲಿ ಅಷ್ಟು ಆಸಕ್ತಿ ಇದ್ದಂತಿಲ್ಲ. ಅವನ ಇಸಿದೋರ್ ಕೊರಳಿಗೆ ಬೀಜದ ಬುಟ್ಟಿ ತೂಗುಹಾಕಿಕೊಂಡು ತನ್ನ ಕೈಯಿಂದ ತಾನೇ ಬಿತ್ತುತ್ತಾನೆ.

ಇಷ್ಟು ಜನರ ನಡುವೆ ಯಾವ ಕೆಲಸವನ್ನೂ ಮಾಡದೆ ಸುಮ್ಮನೆ ಕುಳಿತವನು ನಾನು ಮೊದಲು ಕಂಡ ಆ ಕ್ರಿಸ್ತ. ಅವನನ್ನು ಲಿಥುವೇನಿಯದವರು ರೂಪಿಂತೊಯೇಲಿಸ್ ಎನ್ನುತ್ತಾರೆ. ಹೆಸರಿನಲ್ಲಿ "ರೂಪ" ಕೇಳಿಸಿತೆಂದು ನಾನೂ ಹಿಗ್ಗಿದ್ದೆ, ಅದು ತಪ್ಪು. ಅವರ ಭಾಷೆಯಲ್ಲಿ ರೂಪಿಂತಿಸ್ ಎಂದರೆ ಚಿಂತಿಸು, ಕಾಳಜಿ ಮಾಡು. ಕೊನೆಯ "ಏಲಿಸ್" ಪ್ರೀತಿಯ ಪ್ರತ್ಯಯ, ನಾವು ಪುಟ್ಟ, ಕಂದ ಎಂದು ಸೇರಿಸುವ ಹಾಗೆ. "ಚಿಂತೆ ಮಾಡುವ ನಮ್ಮ ಪುಟ್ಟಪ್ಪ" ಎಂದರೆ ಭಾವ ಬಂದೀತು.

ಸುವಾರ್ತೆಯ ನಾಲ್ಕು ಗ್ರಂಥಗಳಲ್ಲಿ ಎಲ್ಲಿಯೂ ಕ್ರಿಸ್ತ ಹೀಗೆ ಗಲ್ಲಕ್ಕೆ ಕೈಕೊಟ್ಟು ಕುಳಿತದ್ದು ಹೇಳಿಲ್ಲ. ಚಾವಟಿಯ ಏಟು ತಿಂದು, ಮುಳ್ಳಿನ ಕಿರೀಟ ತೊಟ್ಟು, ಶಿಲುಬೆಗೇರುವ ಮೊದಲು ಒಂದು ಕ್ಷಣ ಒಬ್ಬನೇ ಕುಳಿತಿರಬಹುದೆಂದು ಮಧ್ಯಯುಗದ ಕೊನೆಯಲ್ಲಿ ಉತ್ತರ ಜರ್ಮನಿಯ ಕಡೆಯ ಭಕ್ತರು ಕಲ್ಪಿಸಿಕೊಂಡರು. ಅಲ್ಬ್ರೆಕ್ಟ್ ಡ್ಯೂರರ್ 1511ರ ತನ್ನ ಮರದಚ್ಚಿನ ಚಿತ್ರಮಾಲೆಯೊಂದರ ಮುಖಪುಟಕ್ಕೆ ಈ ಭಂಗಿಯನ್ನೇ ಆರಿಸಿಕೊಂಡನು. ಪೋಲೆಂಡಿನಲ್ಲಿಯೂ ಇದು ಬಹಳ ಪ್ರಚಾರದಲ್ಲಿದೆ. ಅಂತೂ ಇದು ಲಿಥುವೇನಿಯದಲ್ಲೇ ಹುಟ್ಟಿದ್ದಲ್ಲ. ಹೊರಗಿನಿಂದ ಬಂದದ್ದನ್ನು ಆ ಜನ ಎಷ್ಟು ಒಳಗೆ ಎಳೆದುಕೊಂಡರೆಂದರೆ ಇಂದು ಅದು ಅವರ ದೇಶದ ಗುರುತೇ ಆಗಿದೆ. ಅವರ ಜನಪದ ಕಥೆಗಳಲ್ಲಿ ದೇವರು ಮುದಿ ಭಿಕ್ಷುಕನಾಗಿ ಊರೂರು ಅಲೆಯುತ್ತಾನೆ. ಆ ಮುದುಕ ದಣಿದು ದಾರಿಬದಿಯಲ್ಲಿ ಕುಳಿತದ್ದೇ ಈ ಮೂರ್ತಿ ಎನ್ನುವವರೂ ಇದ್ದಾರೆ. 1861ರವರೆಗೆ ಆ ರೈತರು ಜಮೀನುದಾರನ ಜೀತಕ್ಕೆ ಕಟ್ಟುಬಿದ್ದಿದ್ದವರೆಂಬುದನ್ನು ನೆನೆದರೆ, ಕತ್ತಿ ಹಿಡಿದ ದೇವರಿಗಿಂತ ಕೈಚೆಲ್ಲಿ ಕುಳಿತ ದೇವರು ಅವರಿಗೆ ಹತ್ತಿರವಾದದ್ದು ಸೋಜಿಗವಲ್ಲ.

ಅಜ್ಜ ಇದಕ್ಕೂ ಒಂದು ಕಾರಣ ಕೊಟ್ಟ. ಗ್ರಂಥಗಳಲ್ಲಿ ನಾನು ಅದನ್ನು ಕಾಣಲಿಲ್ಲ, ಆದರೂ ಬರೆಯುತ್ತೇನೆ. "ಶಿಲುಬೆ ಮೇಲಿನ ಮೂರ್ತಿಗೆ ಕೈ ಚಾಚಿರಬೇಕು. ಮರದ ಎಳೆ ಮೇಲಿಂದ ಕೆಳಕ್ಕೆ ಹೋಗ್ತದೆ. ಚಾಚಿದ ಕೈ ಎಳೆಗೆ ಅಡ್ಡ. ಬೇರೆ ತುಂಡಲ್ಲಿ ಮಾಡಿ ಸೇರಿಸಬೇಕು, ಇಲ್ಲಾ ಅಂದ್ರೆ ಮುರೀತದೆ. ಇದು ನೋಡು, ಕಾಲು, ಮೊಣಕೈ, ಕೈ, ತಲೆ ಎಲ್ಲ ಒಂದಕ್ಕೊಂದು ಆನಿಕೊಂಡಿವೆ. ಒಂದೇ ಕೊರಡು ಸಾಕು. ಬಿದ್ದರೂ ಏನೂ ಆಗೋದಿಲ್ಲ." ದುಃಖದಿಂದ ಮುದುಡಿ ಕುಳಿತ ಭಂಗಿಯೇ ಮರಕ್ಕೆ ಅತ್ಯಂತ ಗಟ್ಟಿಯಾದ ಭಂಗಿಯೂ ಆಗಿರುವುದನ್ನು ಉಳಿ ಹಿಡಿದವನು ಮಾತ್ರ ಹೀಗೆ ಥಟ್ಟನೆ ಹೇಳಬಲ್ಲ.

ಒಂದೇ ಕೊರಡಿನ ಮಾತು ಬಂದದ್ದರಿಂದ ವಿಂಟ್ಸಾಸ್ ಸ್ವಿರ್ಸ್ಕಿಸ್‌ನ ಹೆಸರನ್ನು ಹೇಳಬೇಕು. 1835ರಲ್ಲಿ ಹುಟ್ಟಿ 1916ರಲ್ಲಿ ತೀರಿಕೊಂಡ ಈತ ದಿಯೆವ್‌ದಿರ್ಬಿಸ್‌ಗಳಲ್ಲೆಲ್ಲ ಅಗ್ರಗಣ್ಯ. ಬಹುಪಾಲು ಕಸುಬಿಗಳ ಹೆಸರು ಅವರ ಊರಿನ ಹೊರಗೆ ಉಳಿಯಲಿಲ್ಲ, ಇವನದು ಉಳಿಯಿತು. ಕೆದೈನಿಯೈ, ಪನೆವೆಜಿಸ್ ಸೀಮೆಯ ಹಳ್ಳಿಗಳಲ್ಲಿ ಇವನು ಅಲೆಯುತ್ತಿದ್ದ. ಶಿಲುಬೆ ಬೇಕೆಂದ ರೈತನ ಮನೆಗೆ ಹೋಗಿ, ಅಲ್ಲಿಯೇ ಉಂಡು, ಮಲಗಿ, ಕೆಲಸ ಮುಗಿಯುವವರೆಗೆ ಇದ್ದು, ಮುಂದಿನ ಊರಿಗೆ ನಡೆಯುತ್ತಿದ್ದ. ಬೇರೆಯವರು ಮೂರ್ತಿಗಳನ್ನು ಪ್ರತ್ಯೇಕವಾಗಿ ಕೆತ್ತಿ ಶಿಲುಬೆಗೆ ಮೊಳೆ ಹೊಡೆಯುತ್ತಿದ್ದರೆ, ಇವನು ಓಕ್ ಮರದ ದಿಮ್ಮಿಯೊಳಗಿಂದಲೇ ಕ್ರಿಸ್ತನನ್ನೂ ಮರಿಯಮ್ಮನನ್ನೂ ದೇವದೂತರನ್ನೂ ಉಬ್ಬಾಗಿ ಎಬ್ಬಿಸುತ್ತಿದ್ದ. ಉಡುಗೆಯ ನೆರಿಗೆಗಳು ಗಾಳಿಗೆ ಆಡುವಂತೆ ಕಾಣುತ್ತವೆ. ಇನ್ನೂರಕ್ಕೂ ಹೆಚ್ಚು ಶಿಲುಬೆಗಳು ಅವನ ಕೈಯವೆಂದು ಎಣಿಸಿದ್ದಾರೆ. ಉಳಿದವುಗಳಲ್ಲಿ ಹಲವು ಈಗ ವಸ್ತುಸಂಗ್ರಹಾಲಯಗಳಲ್ಲಿವೆ.

ಈ ಶಿಲುಬೆಗಳಲ್ಲಿ ಇನ್ನೊಂದು ವಿಶೇಷವುಂಟು. ಶಿಲುಬೆಯ ಕೈಗಳು ಕೂಡುವಲ್ಲಿ ಸೂರ್ಯನ ಕಿರಣಗಳು, ತುದಿಯಲ್ಲಿ ಬಾಲಚಂದ್ರ, ಬುಡದಲ್ಲಿ ಹಾವು, ಮೈಮೇಲೆ ಗಿಡಬಳ್ಳಿಗಳು. ಕ್ರೈಸ್ತಪೂರ್ವ ಧರ್ಮವೇ ಇಲ್ಲಿ ಅಡಗಿ ಕುಳಿತಿದೆಯೆಂದು ಬಹಳ ವಿದ್ವಾಂಸರು ವಾದಿಸಿದ್ದಾರೆ. ಲಿಥುವೇನಿಯದಲ್ಲಿ ಮನೆಯ ಹಾವಿಗೆ ಹಾಲೆರೆಯುವ ನಂಬಿಕೆ ಇದ್ದುದು ನಿಜ. ಸೂರ್ಯನನ್ನು ಸ್ತ್ರೀಯೆಂದು ಹಾಡುವ ಹಾಡುಗಳಿರುವುದೂ ನಿಜ. ಆದರೂ ಈ ವಾದವನ್ನು ಸ್ವಲ್ಪ ತಡೆದು ಒಪ್ಪುವುದು ಲೇಸೆಂದು ನನ್ನ ಅಭಿಪ್ರಾಯ. ಕ್ರೈಸ್ತ ಕಲೆಯಲ್ಲಿಯೂ ಕಿರಣಗಳಿವೆ, ಮರಿಯಮ್ಮನ ಪಾದದ ಕೆಳಗೆ ಚಂದ್ರನಿದ್ದಾನೆ, ಹಾವಂತೂ ಆದಿಯಿಂದಲೇ ಇದೆ. ಕೆತ್ತಿದವನು ಎರಡನ್ನೂ ಬೇರೆ ಬೇರೆಯೆಂದು ಎಣಿಸಿರಲಿಕ್ಕಿಲ್ಲ. ಸೂರ್ಯ ಹುಟ್ಟಿದರೆ ಹಿಮ ಕರಗುತ್ತದೆ. ಅದನ್ನು ಶಿಲುಬೆಗೆ ಸೇರಿಸಲು ಅವನಿಗೆ ಪುರಾಣದ ಅಪ್ಪಣೆ ಬೇಕಿರಲಿಲ್ಲ.

ಇನ್ನು ಅಜ್ಜನ ಎರಡನೆಯ ಪ್ರಶ್ನೆ. ಬುಡ ಕೊಳೆಯುವುದಿಲ್ಲವೆ? ಕೊಳೆಯುತ್ತದೆ. ಎಂಥ ಚೇಗಿನ ಓಕ್ ಆದರೂ ನೆಲ ಮುಟ್ಟಿದ ಕಡೆ ನೀರು ಹಿಡಿದು, ಒಂದೆರಡು ತಲೆಮಾರಿನೊಳಗೆ ಸೊರಗುತ್ತದೆ. ಕೊಳೆತ ಭಾಗವನ್ನು ಕೊಯ್ದುಹಾಕಿ, ಉಳಿದದ್ದನ್ನು ಗಿಡ್ಡ ಮಾಡಿ ಮತ್ತೆ ನೆಡುತ್ತಿದ್ದರು. ಆದ್ದರಿಂದ ಹಳೆಯ ಶಿಲುಬೆಗಳು ಮುದುಕರ ಹಾಗೆ ವರುಷ ಕಳೆದಂತೆ ಕುಳ್ಳಾಗುತ್ತಿದ್ದವು. ಅದೂ ಸಾಧ್ಯವಾಗದಾಗ ಹೊಸದನ್ನು ಕೆತ್ತಿಸುವುದು. ಹಳೆಯ ಗುಡಿಯ ಮೂರ್ತಿ ಗಟ್ಟಿಯಾಗಿದ್ದರೆ ಅದನ್ನೇ ಹೊಸ ಗುಡಿಗೆ ಏರಿಸುವುದು. ಬಿದ್ದ ಶಿಲುಬೆಯ ಮರವನ್ನು ಒಲೆಗೆ ಹಾಕುವಂತಿಲ್ಲ, ಮನೆಗೆಲಸಕ್ಕೆ ಬಳಸುವಂತಿಲ್ಲ. ಇದ್ದಲ್ಲಿಯೇ ಮಣ್ಣಾಗಲು ಬಿಡುತ್ತಿದ್ದರು. ಕೆಲವೆಡೆ ಈಸ್ಟರ್ ಹಬ್ಬದ ಹಿಂದಿನ ದಿನ ಚರ್ಚಿನಂಗಳದಲ್ಲಿ ಹೊತ್ತಿಸುವ ಬೆಂಕಿಗೆ ಅರ್ಪಿಸುತ್ತಿದ್ದರು. ಜೀರ್ಣವಾದ ಮರದ ದೇವರನ್ನು ನಾವು ಹೊಳೆಗೆ ಬಿಡುವಂತೆಯೇ ಇದೂ ಎಂದು ಅಜ್ಜ ತಲೆಯಾಡಿಸಿದ.

ಹೀಗೆ ಕೊಳೆಯುವುದೇ ಈ ಕಲೆಯನ್ನು ಉಳಿಸಿತೆಂದು ನನಗೆ ತೋರುತ್ತದೆ. ಕಲ್ಲಿನ ಗುಡಿಯನ್ನು ಒಮ್ಮೆ ಕಟ್ಟಿದರೆ ಮುನ್ನೂರು ವರ್ಷ ಶಿಲ್ಪಿಗೆ ಕೆಲಸವಿಲ್ಲ. ಮರದ ಶಿಲುಬೆ ಬೀಳುತ್ತದೆ. ಬಿದ್ದರೆ ಮಾಡುವವನೊಬ್ಬ ಊರಿನಲ್ಲಿರಲೇಬೇಕು. ಅಪ್ಪ ನಿಲ್ಲಿಸಿದ್ದನ್ನು ಮಗ ಮತ್ತೆ ನಿಲ್ಲಿಸಬೇಕು. ಇದು ಅಭ್ಯಾಸವಾಗಿದ್ದ ಜನಕ್ಕೆ ಮುಂದೆ ಬಂದ ಕಷ್ಟಕಾಲದಲ್ಲಿ ಈ ಅಭ್ಯಾಸವೇ ಆಯುಧವಾಯಿತು.

ಲಿಥುವೇನಿಯ 1795ರಲ್ಲಿ ರಷ್ಯದ ಚಕ್ರವರ್ತಿಯ ವಶವಾಯಿತು. 1831ರಲ್ಲೊಮ್ಮೆ, 1863ರಲ್ಲೊಮ್ಮೆ ಜನ ದಂಗೆಯೆದ್ದರು. ಎರಡನೆಯ ದಂಗೆಯನ್ನು ಅಡಗಿಸಲು ಬಂದ ಗವರ್ನರ್ ಜನರಲ್ ಮುರವ್ಯೋವನನ್ನು ಚರಿತ್ರೆ "ನೇಣುಗಾರ" ಎಂದೇ ಕರೆಯುತ್ತದೆ. ದಂಗೆಯ ಬೆನ್ನಿಗೆ ಅವರ ಭಾಷೆಯ ಪುಸ್ತಕಗಳನ್ನು ಅವರ ಲಿಪಿಯಲ್ಲಿ ಅಚ್ಚುಹಾಕುವುದು ಅಪರಾಧವಾಯಿತು. ಈ ನಿರ್ಬಂಧ 1904ರವರೆಗೆ ನಡೆಯಿತು. ದಾರಿಬದಿಯಲ್ಲಿಯೂ ಹೊಲಗಳಲ್ಲಿಯೂ ಶಿಲುಬೆ ನೆಡುವುದನ್ನೂ ನಿಷೇಧಿಸಿದರು. ಸತ್ತ ದಂಗೆಕೋರರ ನೆನಪು ಅದರ ಮರೆಯಲ್ಲಿ ಉಳಿಯುವುದೆಂಬ ಭಯ ಸರ್ಕಾರಕ್ಕೆ. ಆ ಭಯ ಸುಳ್ಳೂ ಆಗಿರಲಿಲ್ಲ. ಪುಸ್ತಕಗಳನ್ನು ಗಡಿಯಾಚೆಯಿಂದ ಮೂಟೆ ಹೊತ್ತು ತಂದಂತೆ ಶಿಲುಬೆಗಳನ್ನು ರಾತ್ರಿ ತಂದು ನೆಟ್ಟರು. ಶತಮಾನದ ಕೊನೆಗೆ ನಿಷೇಧ ಸಡಿಲವಾಯಿತು. ಸ್ವಿರ್ಸ್ಕಿಸ್ ಕೆಲಸ ಮಾಡಿದ್ದು ಇಂಥ ಕಾಲದಲ್ಲಿ ಎಂಬುದನ್ನು ನೆನೆಯಬೇಕು.

1918ರಲ್ಲಿ ದೇಶ ಸ್ವತಂತ್ರವಾಯಿತು. 1940ರಲ್ಲಿ ಸೋವಿಯೆತ್ ಸೇನೆ ಬಂತು, 1941ರಲ್ಲಿ ಜರ್ಮನರು, 1944ರಲ್ಲಿ ಮತ್ತೆ ಸೋವಿಯೆತ್. ಸಾವಿರಾರು ಕುಟುಂಬಗಳನ್ನು ಸೈಬೀರಿಯಕ್ಕೆ ಗಡೀಪಾರು ಮಾಡಿದರು. ಅಲ್ಲಿಯೂ ಸತ್ತವರ ಗೋರಿಗಳ ಮೇಲೆ ಸಿಕ್ಕಿದ ಮರದಲ್ಲಿ ಶಿಲುಬೆ ಮಾಡಿ ನಿಲ್ಲಿಸಿದರು. ಊರಿನಲ್ಲಿ ದಾರಿಬದಿಯ ಶಿಲುಬೆಗಳನ್ನು ಕೆಡವುವುದು ಆಡಳಿತದ ಕೆಲಸವಾಯಿತು.

ಷೌಲ್ಯೈ ನಗರದಿಂದ ಉತ್ತರಕ್ಕೆ ಸುಮಾರು 12 ಕಿಲೋಮೀಟರ್ ದೂರದಲ್ಲಿ ಒಂದು ಸಣ್ಣ ದಿಬ್ಬವಿದೆ. ಅದಕ್ಕೆ ಶಿಲುಬೆಗಳ ಬೆಟ್ಟವೆಂದು ಹೆಸರು. ಬೆಟ್ಟವೆಂದದ್ದು ಗೌರವಕ್ಕೆ, ನಮ್ಮ ಕಡೆಯವರು ಅದನ್ನು ದಿಣ್ಣೆ ಎಂದಾರು. 1831ರ ದಂಗೆಯ ನಂತರ ಅಲ್ಲಿ ಶಿಲುಬೆ ನೆಡಲು ತೊಡಗಿದರೆಂದು ಪ್ರತೀತಿ. ಸೋವಿಯೆತ್ ಕಾಲದಲ್ಲಿ ಗಡೀಪಾರಿನಿಂದ ಬದುಕಿ ಬಂದವರು ಅಲ್ಲಿಗೆ ಹೋಗಿ ಹರಕೆ ಒಪ್ಪಿಸಿದರು. 1961ರ ಏಪ್ರಿಲ್‌ನಲ್ಲಿ ಬುಲ್ಡೋಜರುಗಳು ಬಂದವು. ಮರದ ಶಿಲುಬೆಗಳನ್ನು ಅಲ್ಲಿಯೇ ಸುಟ್ಟರು, ಕಬ್ಬಿಣದವನ್ನು ಗುಜರಿಗೆ ಹಾಕಿದರು, ಕಲ್ಲಿನವನ್ನು ಒಡೆದು ಹೂತರು. ಸುಮಾರು ಎರಡು ಸಾವಿರ ಶಿಲುಬೆಗಳು ಹೋದವು. ಮರುದಿನಗಳಲ್ಲಿಯೇ ಯಾರೋ ರಾತ್ರಿ ಬಂದು ಮತ್ತೆ ನೆಟ್ಟರು. 1970ರ ದಶಕದಲ್ಲಿ ಮತ್ತೆ ಮತ್ತೆ ನೆಲಸಮ ಮಾಡಿದರು. ದಾರಿಗೆ ಕಾವಲು ಹಾಕಿದರು. ಕಡಿದಷ್ಟೂ ಶಿಲುಬೆಗಳು ಚಿಗುರಿದವು. 1993ರ ಸೆಪ್ಟೆಂಬರ್ 7ರಂದು ಪೋಪ್ ಎರಡನೆಯ ಜಾನ್ ಪಾಲ್ ಅಲ್ಲಿ ಪೂಜೆ ಸಲ್ಲಿಸಿದರು. ಈಗ ಅಲ್ಲಿರುವ ಶಿಲುಬೆಗಳ ಸಂಖ್ಯೆಯನ್ನು ಲಕ್ಷದ ಮಾತಿನಲ್ಲಿ ಹೇಳುತ್ತಾರೆ.

ಸೋವಿಯೆತ್ ಕಾಲದಲ್ಲಿ ಕಸುಬಿಗಳು ಉಳಿ ಕೆಳಗಿಟ್ಟರೆ? ಇಲ್ಲ. ಸಂತರನ್ನು ಕೆತ್ತಬಾರದೆಂದರೆ ರೈತರನ್ನು ಕೆತ್ತಿದರು. ಅಬ್ಲಿಂಗ ಎಂಬ ಹಳ್ಳಿಯನ್ನು ಜರ್ಮನರು 1941ರ ಜೂನ್ 23ರಂದು ಸುಟ್ಟು ಅಲ್ಲಿಯ ಜನರನ್ನು ಕೊಂದಿದ್ದರು. 1972ರಲ್ಲಿ ಜನಪದ ಕಸುಬಿಗಳು ಸೇರಿ ಆ ಸ್ಥಳದಲ್ಲಿ 30 ಓಕ್ ಕಂಬಗಳನ್ನು ಕೆತ್ತಿ ನಿಲ್ಲಿಸಿದರು. ಕಂಬಗಳಲ್ಲಿ ಮೂಡಿರುವವರು ಸತ್ತ ಹಳ್ಳಿಗರು. ಜರ್ಮನರ ಕ್ರೌರ್ಯದ ಸ್ಮಾರಕವಾದ್ದರಿಂದ ಸರ್ಕಾರಕ್ಕೆ ಅಡ್ಡಿಯಿರಲಿಲ್ಲ. ಕಂಬದ ಮೈಯನ್ನೂ ಮುಖದ ಗಾಂಭೀರ್ಯವನ್ನೂ ನೋಡಿದವರಿಗೆ ಅವರ ಅಜ್ಜಂದಿರು ಏನು ಕೆತ್ತುತ್ತಿದ್ದರೆಂದು ಹೇಳಬೇಕಾಗಿರಲಿಲ್ಲ. 1990ರ ಮಾರ್ಚ್ 11ರಂದು ಸ್ವಾತಂತ್ರ್ಯ ಮತ್ತೆ ಘೋಷಿತವಾದ ಮೇಲೆ ದಾರಿಬದಿಗೆ ಶಿಲುಬೆಗಳು ಹಗಲಿನಲ್ಲಿಯೇ ಮರಳಿ ಬಂದವು. 2001ರಲ್ಲಿ ಯುನೆಸ್ಕೋ ಸಂಸ್ಥೆ ಈ ಕಲೆಯನ್ನು ಮಾನವಕುಲದ ಶ್ರೇಷ್ಠ ಪರಂಪರೆಗಳಲ್ಲಿ ಒಂದೆಂದು ಸಾರಿತು. 2008ರಲ್ಲಿ ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಯಂತ್ರದಲ್ಲಿ ಕೊರೆದ ಬೆರಳುದ್ದದ ರೂಪಿಂತೊಯೇಲಿಸ್‌ಗಳು ಪ್ರವಾಸಿಗಳ ಅಂಗಡಿಗೂ ಬಂದಿವೆ. ಅದನ್ನು ಜರೆಯುವುದು ಸುಲಭ. ನಮ್ಮ ಜಾತ್ರೆಯ ಅಂಗಡಿಗಳನ್ನು ನೆನೆದು ನಾನು ಸುಮ್ಮನಿದ್ದೇನೆ.

ಇಷ್ಟನ್ನೂ ಅಜ್ಜನಿಗೆ ಓದಿ ಹೇಳಿದ್ದು ಒಂದು ಸಂಜೆ, ಜಗಲಿಯ ಮೇಲೆ. ಬುಲ್ಡೋಜರಿನ ಭಾಗ ಬಂದಾಗ ಅವನು ಎಲೆ ಅಡಿಕೆ ಹಾಕಿಕೊಳ್ಳುವುದನ್ನು ನಿಲ್ಲಿಸಿದ. "ರಾತ್ರಿ ಹೊತ್ತು ಓಕ್ ಮರದ ಕಂಬ ಹೊತ್ಕೊಂಡು ಹೋಗೋದಂದ್ರೆ ನಾಲ್ಕು ಹೆಗಲಾದ್ರೂ ಬೇಕು" ಎಂದಷ್ಟೇ ಹೇಳಿದ. ಅಷ್ಟರಲ್ಲಿ ಅಜ್ಜಿ ಒಳಗಿನಿಂದ ಬಂದು ಪುಸ್ತಕದ ಮೇಲೆ ಬಗ್ಗಿದಳು. ದೀಪದ ಬೆಳಕಿನಲ್ಲಿ ಚಿತ್ರ ಚೆನ್ನಾಗಿ ಕಾಣುತ್ತಿತ್ತು.

"ಯಾರೋ ಇದು ಪಾಪ, ಹೀಗೆ ಗಲ್ಲಕ್ಕೆ ಕೈಕೊಟ್ಟು ಕೂತಿದೆ?"

ದೇವರು ಎಂದೆ.

ಅಜ್ಜಿ ಸ್ವಲ್ಪ ಹೊತ್ತು ನೋಡಿದಳು. ಗದರಲಿಲ್ಲ. "ಉಂಡಿದಾನೋ ಇಲ್ವೋ" ಎಂದು ಒಳಕ್ಕೆ ಹೋದಳು.